ಸಮಾಜಸೇವಕನ ಕಾರ್ಯವೂ ಕಷ್ಟಗಳೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಸಭೆಯಲ್ಲಿ ಹೆಬ್ರಿಯ ಸೇವಾಕಾರ್ಯಕರ್ತರೊಬ್ಬರು ಮಾಡಿದ ಉಪನ್ಯಾಸ)

ಅಪ್ಪಣೆಯಾದ ವಿಷಯವನ್ನು ಕುರಿತು ನನಗೆ ತಿಳಿದಷ್ಟನ್ನು ಅರಿಕೆಮಾಡಿಕೊಳ್ಳುವೆನು. ನಾನು ಪಂಡಿತನಲ್ಲ, ವಾಗ್ಮಿಯೂ ಅಲ್ಲ. ಕಾಲಿಗೆ ಜಿಗಣೆ ಹತ್ತಿಸಿಕೊಂಡು ಕಾಡುಹಾದಿಯಲ್ಲಿ ಮನೆಯಿಂದ ಮನೆಗೆ ಅಲೆಯುವವನು. ಅಂಥವನ ಮಾತಿನಲ್ಲಿ ಶಾಸ್ತ್ರಕ್ಕಿಂತ ಅನುಭವವೇ ಹೆಚ್ಚಾಗಿದ್ದರೆ ಸಭಿಕರು ಸೈರಿಸಬೇಕು.

ನಾನು ಘಟ್ಟದ ಕೆಳಗಿನವನು. ಈ ದಿನ ಮುಂಜಾನೆ ಹೆಬ್ರಿಯಿಂದ ಹೊರಟು, ಸೋಮೇಶ್ವರದ ಕಾಡನ್ನು ಹಾದು, ಆಗುಂಬೆಯ 14 ತಿರುವುಗಳನ್ನು ಏರಿ ಇಲ್ಲಿಗೆ ಬಂದಿರುತ್ತೇನೆ. ಕೆಳದಿಯ ಅರಸರ ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ಆಳಿಕೆಯಿದ್ದಿತು. 1763ರಲ್ಲಿ ಬಿದನೂರು ಬೀಳುವ ಪರ್ಯಂತ ಈ ಕಣಿವೆಗಳಲ್ಲಿ ನಮ್ಮ ಉಪ್ಪು ಮೇಲಕ್ಕೆ ಬರುತ್ತಿದ್ದಿತು, ನಿಮ್ಮ ಮೆಣಸು ಕೆಳಕ್ಕೆ ಇಳಿಯುತ್ತಿದ್ದಿತು. ಈ ಸಲ ಉಪ್ಪಿನ ಬದಲು ಉಪನ್ಯಾಸ ಏರಿಬಂದಿದೆಯೆಂದು ತಿಳಿದು ಕ್ಷಮಿಸಬೇಕು.

ಸಮಾಜಸೇವಕನು ಮಾಡತಕ್ಕ ಬಗೆಬಗೆಯ ಕಾರ್ಯಗಳಾವುವು, ಆ ವೃತ್ತಿಯಲ್ಲಿ ಅವನಿಗೆ ಒದಗುವ ತೊಡಕುಗಳಾವುವು ಎಂಬುದು ನನಗೆ ಕೊಟ್ಟ ವಿಷಯ. ‘ವೃತ್ತಿ’ ಎಂಬ ಶಬ್ದವನ್ನು ಕೇಳಿದೊಡನೆಯೇ ಹಿರಿಯರೊಬ್ಬರು ಪ್ರಸಾದದ ವೇಳೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಸಂಬಳ ತೆಗೆದುಕೊಂಡು ಮಾಡತಕ್ಕದ್ದು ಸೇವೆ ಹೇಗಾದೀತು ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಾನು ಬೇರೆ ಸಭೆಯಲ್ಲಿ ಇದಕ್ಕೆ ಉದ್ದವಾಗಿ ಸಮಾಧಾನ ಹೇಳಬೇಕಾಗುತ್ತಿತ್ತು. ಕಾಯಕವೆಂಬ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದ ಈ ಸಭೆಯಲ್ಲಿ ಅಷ್ಟು ಶ್ರಮವಿಲ್ಲ. ಕೂಲಿಯನ್ನು ಪಡೆದು ಮಾಡಿದ ದುಡಿಮೆ ಅದರಿಂದಲೇ ಅಶುದ್ಧವಾಗುವುದೆಂದು ಶರಣರು ಬಗೆದಂತೆ ನಾನು ಕಾಣೆನು. ಕೈಯಲ್ಲಿ ಹಿಡಿದ ಕೆಲಸವನ್ನು ಕಲಿತು, ಕದಿಯದೆ, ಒಪ್ಪವಾಗಿ ಮಾಡುವುದೊಂದೇ ಅವರು ಕೇಳಿದ್ದು. ನೇಕಾರನಿಗೆ ನೂಲಿನ ಗುಣ ತಿಳಿದಿರಬೇಕಾದಂತೆ ಸಮಾಜಸೇವಕನಿಗೂ ತನ್ನ ಕೈಗೆ ಬರುವ ವಸ್ತುವಿನ ಗುಣ ತಿಳಿದಿರಬೇಕಷ್ಟೆ. ಆದರೆ ನಮ್ಮ ಕೈಗೆ ಬರುವ ವಸ್ತು ನೂಲಲ್ಲ, ಮನುಷ್ಯರ ಮಾನ. ಅದು ಹರಿದರೆ ಗಂಟುಹಾಕುವುದು ಬಹಳ ಕಷ್ಟ.

ಇದನ್ನು ಕಲಿಸತಕ್ಕ ವಿದ್ಯಾಲಯಗಳು ಲೋಕದಲ್ಲಿ ಹುಟ್ಟಿ ಬಹಳ ಕಾಲವಾಗಿಲ್ಲ. ಲಂಡನ್ನಿನ ಬಡವರ ಕೇರಿಯಲ್ಲಿ 1884ರಲ್ಲಿ ಟಾಯಿನ್‌ಬೀ ಹಾಲ್ ಎಂಬ ಮನೆಯನ್ನು ತೆರೆದು, ಕಲಿತ ತರುಣರು ಅಲ್ಲಿಯೇ ವಾಸಮಾಡಿ ನೆರೆಯವರ ಕಷ್ಟವನ್ನು ಅರಿಯಲಾರಂಭಿಸಿದರು. 1889ರಲ್ಲಿ ಚಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆ ಸಂಗಡಿಗಳೊಡನೆ ಅಂಥದೇ ಒಂದು ಮನೆಯನ್ನು ಕಟ್ಟಿದರು. ನಮ್ಮ ದೇಶದಲ್ಲಿ 1936ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯೂ, ನಮ್ಮ ಕರಾವಳಿಯಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯವೂ ಈ ವಿದ್ಯೆಯನ್ನು ಪಾಠಕ್ರಮದಿಂದ ಕಲಿಸತೊಡಗಿದವು. ಇಷ್ಟು ಇತಿಹಾಸ ಸಾಕು. ನಾನು ಹೇಳಬಂದದ್ದು ಹೆಬ್ರಿಯ ಸಂಗತಿ.

ಹೆಬ್ರಿಯನ್ನು ನಿಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ಕಂಡಿರುವಿರಿ. ಉಡುಪಿಗೆ ಹೋಗುವವರು ಘಟ್ಟವಿಳಿದು ಚಹಾ ಕುಡಿಯುವ ಪೇಟೆ ಅದು. ಬಹುಕಾಲ ಕಾರ್ಕಳ ತಾಲೂಕಿನೊಳಗೆ ಇದ್ದು, 2018ರಲ್ಲಿ ತಾನೇ ಒಂದು ತಾಲೂಕಾಯಿತು. ಪೇಟೆಯಿಂದ ಪೂರ್ವಕ್ಕೆ ನಡೆದರೆ ಸೀತಾನದಿ, ನಾಡ್ಪಾಲು, ಕಬ್ಬಿನಾಲೆ; ಅಲ್ಲಿಂದಾಚೆಗೆ ಮಳೆಯೂ ಮರಗಳೂ ಕೂಡಿ ಆಕಾಶವನ್ನೇ ಮುಚ್ಚಿದ ಘಟ್ಟದ ಅಡಿ. ಆ ಕಾಡಿನ ಅಂಚಿನಲ್ಲಿ ಮಲೆಕುಡಿಯರ ಮನೆಗಳು ಒಂದಕ್ಕೊಂದು ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಚದರಿಕೊಂಡಿವೆ. ಬಯಲಿನ ಕಡೆಗೆ, ಊರಿಗೆ ಹತ್ತಿರವಾಗಿಯೂ ಊರೊಳಗೆ ಸೇರದಂತೆಯೂ, ಕೊರಗರ ಕಾಲೊನಿಗಳಿವೆ. ಕಾಡಿನ ಬಳ್ಳಿಗಳಿಂದ ಬುಟ್ಟಿ ಹೆಣೆಯುವುದು, ಡೋಲು ಬಾರಿಸುವುದು ಅವರ ಪರಂಪರೆಯಿಂದ ಬಂದ ಕಸಬು. ಇವರಿಬ್ಬರ ನಡುವೆ ಓಡಾಡುವುದೇ ನನ್ನ ಕೆಲಸ.

ಆ ಕೆಲಸದ ಹೆಸರೇನೆಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲಾರೆನು. ಒಂದು ದಿನದ ಸಂಗತಿ ಹೇಳುವೆನು. ಬೆಳಗ್ಗೆ ವೃದ್ಧಾಪ್ಯವೇತನ ನಿಂತುಹೋದ ಮುದುಕನೊಬ್ಬನನ್ನು ಬ್ಯಾಂಕಿಗೆ ಕರೆದೊಯ್ದೆನು. ಆತನ ಬೆರಳ ಗುರುತನ್ನು ಯಂತ್ರ ಒಪ್ಪಲಿಲ್ಲ. ಅರುವತ್ತು ವರ್ಷ ಬಳ್ಳಿಯನ್ನು ಎಳೆದೆಳೆದು ಬೆರಳಿನ ಗೆರೆಗಳು ಸವೆದುಹೋಗಿದ್ದವು. ದುಡಿದ ಗುರುತೇ ದುಡಿದವನ ಗುರುತನ್ನು ಅಳಿಸಿದ್ದಿತು. ಅಲ್ಲಿ ನಾನು ವಕೀಲನಾಗಬೇಕಾಯಿತು. ಮಧ್ಯಾಹ್ನ 30 ಕಿಲೋಮೀಟರ್ ದೂರದ ಮಣಿಪಾಲದ ಆಸ್ಪತ್ರೆಯಲ್ಲಿ ಗರ್ಭಿಣಿಯೊಬ್ಬಳ ಪಕ್ಕದಲ್ಲಿ ನಿಂತು, ವೈದ್ಯರ ಮಾತನ್ನು ತುಳುವಿಗೂ ಆಕೆಯ ಭಯವನ್ನು ವೈದ್ಯರಿಗೆ ತಿಳಿಯುವ ಮಾತಿಗೂ ತಿರುಗಿಸುವ ದುಭಾಷಿಯಾದೆನು. ಸಾಯಂಕಾಲ ಶಾಲೆ ಬಿಟ್ಟ ಹುಡುಗನ ತಂದೆಯೊಡನೆ ಕುಳಿತು, ಕುಡಿತದ ಮಾತನ್ನು ಎತ್ತದೆಯೇ ಕುಡಿತದ ಮಾತನ್ನಾಡುವ ಸ್ನೇಹಿತನಾದೆನು. ರಾತ್ರಿ ಇಷ್ಟನ್ನೂ ವರದಿಯ ಖಾನೆಗಳಲ್ಲಿ ತುಂಬುವ ಗುಮಾಸ್ತನಾದೆನು. ಈ ನಾಲ್ಕರಲ್ಲಿ ವರದಿಯನ್ನು ಓದುವವರಿಗೆ ಕಾಣುವವನು ಗುಮಾಸ್ತನೊಬ್ಬನೇ!

ನಮಗಿಂತ ಮೊದಲು ಈ ಹಾದಿಯನ್ನು ತುಳಿದವರನ್ನು ನೆನೆಯದೆ ಮುಂದೆ ಹೋಗಲಾಗದು. ಕಾಸರಗೋಡಿನ ಕಡೆಯಲ್ಲಿ 1859ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1892ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಆ ಮಕ್ಕಳಿಗೆ ಕಲಿಸತಕ್ಕವರು ಸಿಗುವುದೇ ದುಸ್ತರವಾಯಿತು. ಆದರೆ ರಾಯರ ಹೆಚ್ಚಳ ಕಷ್ಟವನ್ನು ಸಹಿಸಿದ್ದರಲ್ಲಿ ಮಾತ್ರ ಇದೆಯೆಂದು ನನಗೆ ತೋರುವುದಿಲ್ಲ. ಅಕ್ಷರವೊಂದನ್ನೇ ಕೊಟ್ಟು ಅವರು ಸುಮ್ಮನಾಗಲಿಲ್ಲ. ಓದಿದ ಹುಡುಗನಿಗೆ ಕೈಕಸಬು ಬೇಕು, ಕಸಬಿನವನಿಗೆ ನಿಲ್ಲುವುದಕ್ಕೆ ನೆಲ ಬೇಕು, ನೆಲವಿದ್ದವನಿಗೆ ಸಭೆಯಲ್ಲಿ ಮಾತಾಡುವ ಅಧಿಕಾರ ಬೇಕು ಎಂದು ಒಂದರ ಬೆನ್ನಿಗೆ ಒಂದನ್ನು ಅರಿತರು. ತಾನು ಉದ್ಧರಿಸಿದವರು ತನ್ನ ಮುಂದೆ ಕೈಕಟ್ಟಿ ನಿಲ್ಲಬೇಕೆಂದು ಅವರು ಎಣಿಸಲಿಲ್ಲ. ದಲಿತರ ಮಗು ಓದಿ, ದೊಡ್ಡ ಹುದ್ದೆಗೇರಿ, ಮೋಟಾರಿನಲ್ಲಿ ಓಡಾಡುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಬಯಸಿದ್ದರೆಂಬುದನ್ನು ಮಂಗಳೂರಿನವರೆಲ್ಲರೂ ಬಲ್ಲರು. 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ 1928ರಲ್ಲಿ ಅವರು ತೀರಿಕೊಂಡರು. ಸೇವಕನಾದವನು ತಾನು ಸೇವಿಸಿದವರ ಕೆಳಗೆ ನಿಲ್ಲಲು ಇಚ್ಛೆಪಡುವುದು ಎಷ್ಟು ಅಪರೂಪವೆಂಬುದನ್ನು ನಾನು ನನ್ನ ಮನಸ್ಸನ್ನು ನೋಡಿಕೊಂಡಾಗಲೆಲ್ಲ ಅರಿಯುತ್ತೇನೆ.

ಈ ಮಾತನ್ನು ನಾನು ಏಕೆ ಹಿಡಿದಿದ್ದೇನೆಂದರೆ, ಕೊಡುವುದೆಲ್ಲವೂ ಉಪಕಾರವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ನಮ್ಮ ತುಳುನಾಡಿನಲ್ಲಿ ಕೊಡುವುದೇ ಅಪರಾಧವೆಂದು ಸರಕಾರ ಕಾಯಿದೆ ಮಾಡಬೇಕಾಗಿಬಂದ ಒಂದು ಸಂದರ್ಭವಿದೆ. ಅದಕ್ಕೆ ಅಜಲು ಎಂದು ಹೆಸರು. ಮನೆಯ ರೋಗವನ್ನೂ ಅನಿಷ್ಟವನ್ನೂ ಕಳೆಯುವುದಕ್ಕೆಂದು, ಅನ್ನದಲ್ಲಿ ಕೂದಲು ಉಗುರುಗಳನ್ನು ಬೆರೆಸಿ ಕೊರಗರಿಗೆ ಉಣಬಡಿಸುತ್ತಿದ್ದರು. ಉಂಡವನಿಗೆ ಆ ಅನಿಷ್ಟ ದಾಟಿಹೋಗುವುದೆಂದು ನಂಬಿಕೆ. ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುತ್ತಿದ್ದರು. ಡೋಲು ಬಾರಿಸಿದವನಿಗೆ ಕೂಲಿಯಿಲ್ಲ, ಇದ್ದರೂ ಕಡಮೆ. ಇಷ್ಟನ್ನೂ ಹೆಸರಿಸಿ ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಸರಕಾರ 2000ದಲ್ಲಿ ಮಾಡಿತು. ಹನ್ನೆರಡನೆಯ ಶತಮಾನದ ಮಾತಲ್ಲ, ಮಹನೀಯರೇ; ಈ ಸಭೆಯಲ್ಲಿ ಕುಳಿತಿರುವ ಬಹುಮಂದಿ ಆಗ ಹುಟ್ಟಿದ್ದರು.

ಕಾಯಿದೆ ಬಂದಮೇಲೆ ಸಮಾಜಸೇವಕನಿಗೆ ಏನು ಕೆಲಸವೆಂದು ಕೇಳಬಹುದು. ಕೆಲಸ ಆರಂಭವಾಗುವುದೇ ಆಗ. ಕೊಡುತ್ತಿದ್ದ ಮನೆಯವರನ್ನು ಕಂಡರೆ, ನಾವು ಪ್ರೀತಿಯಿಂದಲೇ ಕೊಡುತ್ತಿದ್ದೆವಲ್ಲ, ಅವರೂ ಸಂತೋಷದಿಂದ ತೆಗೆದುಕೊಳ್ಳುತ್ತಿದ್ದರಲ್ಲ ಎನ್ನುವರು. ಅವರು ಸುಳ್ಳು ಹೇಳುವುದಿಲ್ಲ, ಅದೇ ಸಂಕಟ. ತೆಗೆದುಕೊಳ್ಳುತ್ತಿದ್ದವರನ್ನು ಕಂಡರೆ, ದಣಿಗಳ ಮನೆಯ ಮಾತನ್ನು ಮೀರುವುದು ಹೇಗೆ, ನಾಳೆ ಮಳೆಗಾಲದಲ್ಲಿ ಅಕ್ಕಿಗೆ ಯಾರ ಬಾಗಿಲಿಗೆ ಹೋಗುವುದು ಎನ್ನುವರು. ಶಾಸನ ಅಜಲನ್ನು ಅಪರಾಧವೆಂದಿತು; ಬೇಡವೆನ್ನುವ ಧೈರ್ಯವನ್ನು ಮನೆಮನೆಗೆ ಹಂಚುವುದು ಶಾಸನದಿಂದಾಗದ ಮಾತು. ಆ ಧೈರ್ಯವನ್ನು ಹುಟ್ಟಿಸಿದವರು ಬಹುಮಟ್ಟಿಗೆ ಕೊರಗರೇ; ಅವರ ಸಂಘಗಳು, ಅವರ ತರುಣ ತರುಣಿಯರು. ನಮ್ಮಂಥವರು ಜೊತೆಗೆ ನಡೆದೆವು, ಅಷ್ಟೆ. ಕರ್ನಾಟಕದಲ್ಲಿ 2001ರ ಜನಗಣತಿಯಲ್ಲಿ 16,071 ಇದ್ದ ಕೊರಗರು 2011ರ ಜನಗಣತಿಯಲ್ಲಿ 14,794 ಆದರು. ರಾಜ್ಯದ ಜನಸಂಖ್ಯೆ ಬೆಳೆದ ಅದೇ ಹತ್ತು ವರ್ಷಗಳಲ್ಲಿ ಒಂದು ಜನಾಂಗ ಹೀಗೆ ಕ್ಷಯಿಸಿದೆಯೆಂದರೆ, ನಮ್ಮ ಕೆಲಸ ಎಷ್ಟು ತಡವಾಗಿ ಆರಂಭವಾಯಿತೆಂಬುದು ತಿಳಿಯುವುದು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಪರರ ಅಜಲನ್ನು ಇಷ್ಟು ಬಿಚ್ಚಿ ಹೇಳಿದವನು ತನ್ನದನ್ನು ಮುಚ್ಚುವುದು ಸರಿಯಲ್ಲ. ವೃತ್ತಿಗೆ ಬಂದ ಹೊಸದರಲ್ಲಿ, ಆಷಾಢದ ಮಳೆಯಲ್ಲಿ, ದಾನಿಗಳು ಕಳುಹಿಸಿದ ಕಂಬಳಿಗಳನ್ನು ಕಾಲೊನಿಯೊಂದರಲ್ಲಿ ಹಂಚಿಸಿದೆನು. ವೇದಿಕೆ ಕಟ್ಟಿಸಿದೆನು. ಹೆಸರು ಕೂಗಿ ಒಬ್ಬೊಬ್ಬರನ್ನೇ ಕರೆದು, ಕಂಬಳಿಯ ಒಂದು ಅಂಚನ್ನು ದಾನಿಯೂ ಮತ್ತೊಂದು ಅಂಚನ್ನು ಪಡೆದವರೂ ಹಿಡಿದುಕೊಂಡಿರುವಂತೆ ಚಿತ್ರ ತೆಗೆಸಿದೆನು. ಮರುದಿನ ಮುಸ್ಸಂಜೆಯಲ್ಲಿ ಒಬ್ಬ ಮುದುಕಿ ನಾಲ್ಕು ಮೈಲಿ ನಡೆದು ಬಂದು, ಆ ಕಂಬಳಿಯನ್ನು ಮಡಿಚಿ ನನ್ನ ಜಗಲಿಯ ಮೇಲಿಟ್ಟಳು. ನನಗೆ ಸಿಟ್ಟು ಬಂದಿತು. ಏಕೆ ಬೇಡವೆಂದು ಕೇಳಿದೆನು. ತನ್ನ ಮೊಮ್ಮಗಳು ಆ ಚಿತ್ರವನ್ನು ಶಾಲೆಯಲ್ಲಿ ಯಾರದೋ ಫೋನಿನಲ್ಲಿ ಕಂಡು ಅತ್ತುಕೊಂಡು ಬಂದಳೆಂದೂ, ಹಿಂದೆ ಅನ್ನದಲ್ಲಿ ಕೂದಲು ಬೆರೆಸಿ ಕೊಟ್ಟವರು ಮನೆಯ ಹಿತ್ತಿಲಲ್ಲಿ ಕೊಡುತ್ತಿದ್ದರೆಂದೂ, ನಾನು ಊರೆಲ್ಲ ನೋಡುವಂತೆ ಕೊಟ್ಟೆನೆಂದೂ ಹೇಳಿದಳು. ದನಿಯೇರಿಸಲಿಲ್ಲ. ಒಂದು ಲೋಟ ನೀರು ಕುಡಿದು ಹೊರಟುಹೋದಳು. ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದಕ್ಕಿಂತ ಹೆಚ್ಚನ್ನು ಆ ಜಗಲಿಯ ಮೇಲೆ ನಿಂತು ಕಲಿತೆನೆಂದರೆ ಅತಿಶಯೋಕ್ತಿಯಲ್ಲ. ದಾಸೋಹವೆಂಬಲ್ಲಿ ‘ದಾಸ’ ಎಂಬ ಮಾತು ಕೊಡುವವನಿಗೆ ಸಂಬಂಧಿಸಿದ್ದೇ ಹೊರತು ತೆಗೆದುಕೊಳ್ಳುವವನಿಗಲ್ಲವೆಂದು ಆ ಮೊದಲು ನಾನು ಯೋಚಿಸಿಯೇ ಇರಲಿಲ್ಲ.

ಈಗ ಬಯಲನ್ನು ಬಿಟ್ಟು ಕಾಡಿನ ಕಡೆಗೆ ಹೋಗೋಣ. ಅಲ್ಲಿಯ ಕಷ್ಟ ಬೇರೊಂದು ಬಗೆಯದು. ಮಲೆಕುಡಿಯರು ತಲೆಮಾರುಗಳಿಂದ ವಾಸಿಸುತ್ತಿದ್ದ ಕಾಡುಗಳಲ್ಲಿ ಕೆಲವು 1974ರಿಂದ ಸೋಮೇಶ್ವರದ ಅಭಯಾರಣ್ಯಕ್ಕೂ, ಕೆಲವು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ ಸೇರಿದವು. ಮೃಗಗಳಿಗೆ ಅಭಯ ಸಿಕ್ಕಿದ್ದು ಸಂತೋಷವೇ. ಆದರೆ ಮನೆಯ ಮುಂದಿನ ತೊರೆಗೆ ಕಾಲುಸಂಕ ಹಾಕುವುದಕ್ಕೂ, ವಿದ್ಯುತ್ತಿನ ಕಂಬ ನೆಡುವುದಕ್ಕೂ ಅಪ್ಪಣೆ ಬೇಕಾಗಿ, ಇರುವುದೋ ಬಿಡುವುದೋ ಎಂದು ತಿಳಿಯದ ಸ್ಥಿತಿ ಅವರಿಗೆ ಒದಗಿತು. ಆ ಅಸಮಾಧಾನದ ಬೆನ್ನು ಹಿಡಿದು ಕೋವಿ ಹಿಡಿದವರು ಬಂದರು. ಅವರ ಬೆನ್ನು ಹಿಡಿದು ಪೊಲೀಸರು ಬಂದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿನಿಂದ ಸತ್ತರು. 2008ರ ಮೇ ತಿಂಗಳಲ್ಲಿ ನಮ್ಮ ಸೀತಾನದಿಯಲ್ಲಿ, ಪೊಲೀಸರಿಗೆ ಸುದ್ದಿ ಕೊಡುವವರೆಂದು ಆರೋಪಿಸಿ, ಒಬ್ಬ ಶಾಲಾ ಅಧ್ಯಾಪಕರನ್ನೂ ಅವರೊಡನಿದ್ದ ಮತ್ತೊಬ್ಬರನ್ನೂ ನಕ್ಸಲರು ಕೊಂದರು. ಅತ್ತ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯ ವಿದ್ಯಾರ್ಥಿಯೊಬ್ಬನು ನಕ್ಸಲರ ನಂಟಿನವನೆಂಬ ಆರೋಪದ ಮೇಲೆ 2012ರಲ್ಲಿ ಸೆರೆಯಾಗಿ, 2021ರಲ್ಲಿ ನ್ಯಾಯಾಲಯದಿಂದ ನಿರ್ದೋಷಿಯೆನಿಸಿಕೊಂಡನು. ಸುದ್ದಿ ಕೊಟ್ಟನೆಂದು ಒಬ್ಬರಿಗೆ ಸಾವು, ಅನ್ನ ಕೊಟ್ಟನೆಂದು ಇನ್ನೊಬ್ಬರಿಗೆ ಸೆರೆಯೆಂಬ ಭಯ ಮನೆಮನೆಯಲ್ಲೂ ಕುಳಿತಿದ್ದಿತು. ಕೊನೆಗೆ 2024ರ ನವೆಂಬರ್ 18ರಂದು ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡನು ಪೊಲೀಸರ ಗುಂಡಿಗೆ ಸತ್ತನು. ಅವನು ಹುಟ್ಟಿದ್ದು ಇದೇ ನಾಡ್ಪಾಲಿನಲ್ಲಿ. ಮುಂದಿನ ಜನವರಿಯಲ್ಲಿ ಉಳಿದವರಲ್ಲಿ ಆರು ಮಂದಿ ಸರಕಾರಕ್ಕೆ ಶರಣಾದರು.

ಯಾರ ಪಕ್ಷ ಸರಿಯೆಂದು ತೀರ್ಪು ಕೊಡಲು ನಾನು ಇದನ್ನು ಎತ್ತಿದವನಲ್ಲ. ಆ ಇಪ್ಪತ್ತು ವರ್ಷಗಳಲ್ಲಿ ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಆ ಕಾಡಿಗೆ ಹೋಗುತ್ತಿದ್ದ ಸಮಾಜಸೇವಕನ ಪಾಡನ್ನು ಯೋಚಿಸಿರಿ. ಕಾಡಿನೊಳಗಿದ್ದವರಿಗೆ ಅವನು ಸರಕಾರದ ಕಣ್ಣು. ಠಾಣೆಯವರಿಗೆ ಅವನು ಕಾಡಿನವರ ಬಾಯಿ. ಅರಣ್ಯದವರಿಗೆ, ಜನರನ್ನು ಎಬ್ಬಿಸಲಾಗದಂತೆ ಹಕ್ಕುಗಳನ್ನು ಕಲಿಸಿಕೊಡುವ ಉಪದ್ರವಿ. ಜನರಿಗೆ? ಅವರಿಗೂ ಸಂಶಯವೇ, ಇವನು ಬಂದುಹೋದ ಮೇಲೆ ಯಾರು ಬರುವರೋ ಎಂದು. ಒಮ್ಮೆ ಒಂದು ಕಚೇರಿಯವರು, ನಾನು ಅಂಗವಿಕಲರ ವೇತನಕ್ಕಾಗಿ ಬರೆದುಕೊಂಡಿದ್ದ ಮನೆಗಳ ದಿನಚರಿಯನ್ನು, ಯಾವ ಮನೆಯಲ್ಲಿ ಎಷ್ಟು ಜನ, ಯಾರು ಊರಲ್ಲಿಲ್ಲ ಎಂದು ನೋಡುವುದಕ್ಕಾಗಿ ಕೇಳಿದರು. ನಾನು ಕೊಡಲಿಲ್ಲ. ಅದು ಧೈರ್ಯವೆಂದು ತಿಳಿಯಬೇಡಿ, ರಾತ್ರಿಯೆಲ್ಲ ನಡುಗಿದೆನು. ಆದರೆ ರೋಗಿಯ ಮನೆಯ ಗುಟ್ಟನ್ನು ವೈದ್ಯನು ಹೇಗೆ ಮಾರಬಾರದೋ ಹಾಗೆ ನಮ್ಮ ದಿನಚರಿಯೂ. ಒಂದು ಸಲ ಅದು ಕೈಬದಲಾಯಿತೆಂದರೆ ಆ ಕಣಿವೆಯಲ್ಲಿ ಇನ್ನು ಮುಂದೆ ಯಾವ ದಾದಿಗೂ ಯಾವ ಅಂಗನವಾಡಿಯ ತಾಯಿಗೂ ಯಾರೂ ನಿಜ ಹೇಳುವುದಿಲ್ಲ. ರಾತ್ರಿ ಬಂದು ಊಟ ಕೇಳಿದವರು ಯಾರೆಂದು ಆ ಮನೆಗಳವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಕೇಳಿದ್ದು ಮಗುವಿಗೆ ಲಸಿಕೆ ಹಾಕಿಸಿದಿರಾ ಎಂದು ಮಾತ್ರ.

ಆ ಕಾಲದಲ್ಲಿಯೇ ಮಾಡಿದ ಒಂದು ಕೆಲಸ ಮಾತ್ರ ನನಗೆ ತೃಪ್ತಿ ಕೊಟ್ಟಿದೆ. 2006ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ವಾಸಮಾಡಿ ಉಳುಮೆ ಮಾಡುತ್ತಿದ್ದ ಬುಡಕಟ್ಟಿನವರು 4 ಹೆಕ್ಟೇರಿನ ಮಿತಿಯೊಳಗೆ ಆ ನೆಲದ ಹಕ್ಕನ್ನು ಕೇಳಬಹುದು. ಕಾಗದಪತ್ರ ಎಲ್ಲಿಂದ ಬರಬೇಕು? ನಿಯಮಗಳಲ್ಲಿ ಅದಕ್ಕೂ ದಾರಿಯಿದೆ: ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ, ಹಳೆಯ ಬಾವಿ, ಸತ್ತವರನ್ನು ಹುಗಿದ ನೆಲ, ದೈವದ ಕಲ್ಲು ಇವೂ ಸಾಕ್ಷ್ಯ. ಮುದುಕರ ಪಕ್ಕದಲ್ಲಿ ಕುಳಿತು, ಯಾವ ಹಲಸಿನ ಮರ ಯಾರು ನೆಟ್ಟದ್ದು, ಯಾವ ಮಳೆಗಾಲದಲ್ಲಿ ಯಾರ ಅಜ್ಜಿಯನ್ನು ಎಲ್ಲಿ ಮಣ್ಣುಮಾಡಿದರು ಎಂದು ಬರೆಯುತ್ತ ಹೋದೆನು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಒಬ್ಬ ಹಿರಿಯರು, ಇಷ್ಟೆಲ್ಲ ನಮ್ಮದೇ ಏನು ಎಂದು ಬೆರಗಾದರು. ಅರ್ಜಿಗಳಲ್ಲಿ ಕೆಲವು ಮಂಜೂರಾದವು, ಹಲವು ತಿರಸ್ಕೃತವಾದವು. ಪರಿಹಾರದ ಹಣ ತೆಗೆದುಕೊಂಡು ಕೆಳಗಿಳಿದು ಹೋಗುತ್ತೇವೆಂದ ಮನೆಗಳೂ ಇದ್ದವು. ಹೋಗಬೇಡಿರೆಂದು ನಾನು ಹೇಳಲಿಲ್ಲ, ಹೋಗಿರೆಂದೂ ಹೇಳಲಿಲ್ಲ. ಹಣ ಎಷ್ಟು, ನೆಲ ಎಷ್ಟು, ಮಕ್ಕಳ ಶಾಲೆ ಎಷ್ಟು ದೂರ ಎಂಬ ಲೆಕ್ಕವನ್ನು ಮುಂದಿಟ್ಟು ಸುಮ್ಮನೆ ಕುಳಿತೆನು. ಹಾಗೆ ಸುಮ್ಮನೆ ಕುಳಿತುಕೊಳ್ಳುವುದೇ ನಮ್ಮ ವಿದ್ಯೆಯಲ್ಲಿ ಅತಿ ಕಷ್ಟದ ಪಾಠ. ಬುದ್ಧಿ ಹೇಳುವ ಚಪಲ ನಾಲಗೆಯ ತುದಿಯಲ್ಲಿಯೇ ಇರುತ್ತದೆ.

ಉಳಿದ ತೊಡಕುಗಳನ್ನು ಬೇಗನೆ ಹೇಳಿ ಮುಗಿಸುವೆನು. ಯೋಜನೆಗಳಿಗೆ ಮೂರು ವರ್ಷ ಆಯುಸ್ಸು. ವಿಶ್ವಾಸ ಹುಟ್ಟುವುದಕ್ಕೆ ಐದು ವರ್ಷ ಬೇಕು. ಎಷ್ಟು ಸಭೆ, ಎಷ್ಟು ಮಂದಿ ಹಾಜರು ಎಂದು ಎಣಿಸುವರು. ಹೆಂಡತಿಗೆ ಹೊಡೆಯುತ್ತಿದ್ದವನು ನಿಲ್ಲಿಸಿದ್ದಕ್ಕೆ ವರದಿಯಲ್ಲಿ ಖಾನೆಯಿಲ್ಲ. ವೈದ್ಯರಿಗೂ ವಕೀಲರಿಗೂ ಅವರವರ ಪರಿಷತ್ತು ಇರುವುದು. ಸಮಾಜಕಾರ್ಯಕ್ಕೆಂದೇ ಅಂಥದೊಂದು ಪರಿಷತ್ತು ನಮ್ಮ ದೇಶದಲ್ಲಿ ಇನ್ನೂ ಕಾಯಿದೆಯಿಂದ ಸ್ಥಾಪಿತವಾಗಿಲ್ಲ. ಆದಕಾರಣ ಶಾಲು ಹೊದ್ದವರೆಲ್ಲ ಸಮಾಜಸೇವಕರೆಂದು ಪತ್ರಿಕೆಗಳಲ್ಲಿ ಅಚ್ಚಾಗುವುದು. ಹಳ್ಳಿಯಲ್ಲಿ ಈ ಕೆಲಸದ ಭಾರವನ್ನು ನಿಜವಾಗಿ ಹೊತ್ತವರು ಅಂಗನವಾಡಿಯ ಕಾರ್ಯಕರ್ತೆಯರೂ 2005ರ ಅನಂತರ ಬಂದ ಆಶಾ ಕಾರ್ಯಕರ್ತೆಯರೂ ಆಗಿದ್ದಾರೆ. ಅವರಿಗೆ ಕೊಡುವುದನ್ನು ಸಂಬಳವೆಂದೂ ಕರೆಯುವುದಿಲ್ಲ, ಗೌರವಧನವೆನ್ನುತ್ತಾರೆ. ಧನ ಕಡಮೆಯಾದರೂ ಆ ಹೆಸರಿನ ಮೊದಲ ಭಾಗವನ್ನಾದರೂ ನಾವು ಸರಿಯಾಗಿ ಸಲ್ಲಿಸುತ್ತಿರುವೆವೆ ಎಂಬುದು ವಿಚಾರಿಸತಕ್ಕದ್ದು.

ಒಂದು ತೊಡಕನ್ನು ಮಾತ್ರ ಬೇಗ ಹೇಳಲಾಗದು. 18 ವರ್ಷ ತುಂಬದ ಹುಡುಗಿಯೊಬ್ಬಳು ಮದುವೆಯಾಗಿ ಗರ್ಭಿಣಿಯಾಗಿರುವಳೆಂದು ಇಟ್ಟುಕೊಳ್ಳೋಣ. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಆದ ಪೋಕ್ಸೋ ಕಾಯಿದೆಯ ಪ್ರಕಾರ, ವಿಷಯ ತಿಳಿದವನು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಕಾಯಿದೆಯ ಉದ್ದೇಶ ಪವಿತ್ರವಾದದ್ದು. ಆದರೆ ಆಸ್ಪತ್ರೆಗೆ ಹೋದರೆ ಮನೆಯ ಗಂಡಸು ಸೆರೆಮನೆಗೆ ಹೋಗುವನೆಂದು ಊರಿಗೆ ತಿಳಿದಮೇಲೆ, ಆ ಹುಡುಗಿಯನ್ನು ಹೆರಿಗೆಗೆ ಕಾಡಿನಲ್ಲಿಯೇ ಬಚ್ಚಿಡುವರು. ತಿಳಿಸಿದರೆ ಮುಂದಿನ ಹುಡುಗಿಯ ಪ್ರಾಣಕ್ಕೆ ಅಪಾಯ. ತಿಳಿಸದಿದ್ದರೆ ಇಂಥ ಮದುವೆಗಳಿಗೆ ಕೊನೆಯೇ ಇಲ್ಲ. ನಾನು ತಿಳಿಸಿದ್ದೇನೆ. ತಿಳಿಸುವ ಮೊದಲು ಆ ಹುಡುಗಿಗೂ ಅವಳ ತಾಯಿಗೂ, ನಾನು ಇಂದು ಸಂಜೆ ಇಂಥ ಕಡೆಗೆ ಹೋಗಿ ಇಂಥ ಮಾತನ್ನು ಹೇಳುವವನಿದ್ದೇನೆಂದು ಎದುರಿಗೇ ಹೇಳಿ, ಅನಂತರ ಅವರ ಸಂಗಡವೇ ಆಸ್ಪತ್ರೆಗೂ ನ್ಯಾಯಾಲಯಕ್ಕೂ ನಡೆದಿದ್ದೇನೆ. ಆ ತಾಯಿ ನನ್ನೊಡನೆ ಎರಡು ವರ್ಷ ಮಾತಾಡಲಿಲ್ಲ. ಮೂರನೆಯ ವರ್ಷ ಕಿರಿಯ ಮಗಳನ್ನು ಹೈಸ್ಕೂಲಿಗೆ ಸೇರಿಸಲು ನನ್ನನ್ನೇ ಹುಡುಕಿಕೊಂಡು ಬಂದಳು. ನಾನು ಮಾಡಿದ್ದು ಸರಿಯೆಂದು ಇದರಿಂದ ಸಿದ್ಧವಾಯಿತೆಂದು ನಾನು ಹೇಳಲಾರೆನು.

ಇನ್ನು ನಾನು ಘಟ್ಟವನ್ನು ಏರಿ ಬಂದ ಸ್ವಂತ ಕಾರ್ಯವೊಂದಿದೆ. ಪೂಜ್ಯರ ಅಪ್ಪಣೆಯನ್ನು ಪಡೆದು ಅದನ್ನು ಸಭೆಯ ಮುಂದೆಯೇ ಅರಿಕೆಮಾಡುತ್ತೇನೆ. ಜಾತಿಭೇದವಿಲ್ಲದೆ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುವುದು ನಮ್ಮ ನಾಡಿನ ಮಠಗಳ ದೊಡ್ಡ ಕೀರ್ತಿ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡುದನ್ನು ನೀವೆಲ್ಲರೂ ಬಲ್ಲಿರಿ. ಈ ಶ್ರೀಮಠದ ವಿದ್ಯಾರ್ಥಿನಿಲಯವೂ ಆ ಸಾಲಿನದೇ. ನಮ್ಮ ಕಾಲೊನಿಯ ಇಬ್ಬರು ಹುಡುಗರನ್ನು ಬರುವ ಜೂನ್ ತಿಂಗಳಲ್ಲಿ ಇಲ್ಲಿಗೆ ಕಳುಹಿಸಬೇಕೆಂದು ಅವರ ಮನೆಯವರು ಆಲೋಚಿಸುತ್ತಿದ್ದಾರೆ. ಅವರಲ್ಲಿ ಒಬ್ಬನ ಅಜ್ಜಿ, ಹಿಂದೆ ನನ್ನ ಜಗಲಿಯ ಮೇಲೆ ಕಂಬಳಿಯನ್ನಿಟ್ಟು ಹೋದವಳೇ. ಹುಡುಗನು ಬರಲಿ, ಆದರೆ ಅವನನ್ನು ಉತ್ಸವದ ದಿನ ವೇದಿಕೆಗೆ ಕರೆದು, ಇವನು ಇಂಥ ಜಾತಿಯವನು, ಇವನಿಗೆ ನಾವು ಅನ್ನ ಕೊಡುತ್ತೇವೆಂದು ಹೇಳುವುದಿಲ್ಲವೆಂಬ ಮಾತು ಬೇಕೆಂದು ಅವಳು ಕೇಳಿದ್ದಾಳೆ. ಉಳಿದ ಮಕ್ಕಳ ತಟ್ಟೆ ಎಲ್ಲಿ ತೊಳೆಯುವರೋ ಅಲ್ಲಿಯೇ ಇವನ ತಟ್ಟೆಯನ್ನೂ ತೊಳೆಯುವರೆ, ರಜೆಯಲ್ಲಿ ಊರಿಗೆ ಕಳುಹಿಸುವರೆ ಎಂದೂ ಕೇಳಿ ಬರಹೇಳಿದ್ದಾಳೆ.

ಇಲ್ಲಿ ಅದು ಹಾಗೆಯೇ ನಡೆಯುವುದೆಂದು ನಾನು ಬಲ್ಲೆನು. ಆದರೂ ನನ್ನ ಮಾತಿನಿಂದ ಅವಳಿಗೆ ಸಮಾಧಾನವಿಲ್ಲ. ನನ್ನ ಮಾತನ್ನು ಅವಳು ಒಮ್ಮೆ ನಂಬಿ ನೋಡಿದ್ದಾಳೆ. ಮಠದವರ ಬಾಯಿಂದಲೇ ಕೇಳಿ ಬಾ ಎಂದಿದ್ದಾಳೆ. ಸಂಜೆಯ ಕೊನೆಯ ಬಸ್ಸಿಗೆ ಇಳಿದರೆ ರಾತ್ರಿ ಎಂಟಕ್ಕೆ ಮೊದಲು ಹೆಬ್ರಿ ಮುಟ್ಟುವೆನು, ಅವಳು ಮಲಗಿರುವುದಿಲ್ಲ.